ದೊಡ್ಡ ಕಾಲೇಜು ಮ್ಯಾಲ ಬರದ್ರ ಕೆಳಗಿನ ಸೀಟೂ ಹೋಗ್ತೈತೇನ್ರಿ?

ಪ್ರಶ್ನೆ: "ಸರ್ ನಮಸ್ಕಾರ್ರಿ. ನಾವು ಗದಗದಾಗ ಇರ್ತೀವಿ, ಮೂಲ ಊರು ರೋಣ ತಾಲೂಕಿನ ಹಳ್ಳಿ. ಮನಿಯವ್ರದು ಸಣ್ಣ ಕಿರಾಣಿ ಅಂಗಡಿ, ಊರಾಗ ಸ್ವಲ್ಪ ಹೊಲ ಐತಿ. ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ, ಪಿಸಿಎಂಬಿ. ಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್ 41 ಸಾವಿರದ ಹತ್ರ ಬಂದೈತಿ, ನಮ್ದು 2ಎ. ಆಕಿಗೆ ಕಂಪ್ಯೂಟರ್ ಸೈನ್ಸ್ ಬೇಕಂತ. ಆಪ್ಷನ್ ಎಂಟ್ರಿ ಮಾಡಾಕ ಸೈಬರ್‌ಗೆ ಹೋದ್ರ ಅಲ್ಲಿ ಹುಡುಗ, ಸಿಗದ ದೊಡ್ಡ ಕಾಲೇಜು ಮ್ಯಾಲ ಹಾಕಿದ್ರ ಚಾನ್ಸ್ ವೇಸ್ಟ್ ಆಗಿ ಕೆಳಗಿನವೂ ಹೋಗ್ತಾವ ಅಂದ. ಮಗಳು 1 ರಿಂದ 7 ಹಳ್ಳಿ ಸಾಲ್ಯಾಗ ಕನ್ನಡ ಮೀಡಿಯಂ, 8 ರಿಂದ 10 ಗದಗದಾಗ ಇಂಗ್ಲಿಷ್ ಮೀಡಿಯಂ. ರೂರಲ್ ಕೋಟಾ ಬರ್ತೈತಿ ಅಂತ ಒಬ್ರು, ಕೊಪ್ಪಳ ಬಾಜೂಕ ಐತಿ 371ಜೆ ಸಿಗ್ತೈತಿ ಅಂತ ಇನ್ನೊಬ್ರು ಹೇಳ್ತಾರ. ಬೆಂಗಳೂರಿಂದ ಒಬ್ಬಾಂವ ದಿನಾ ಫೋನ್ ಹಚ್ಚಿ 25 ಸಾವಿರ ಕಟ್ರಿ ಸೀಟ್ ಬ್ಲಾಕ್ ಮಾಡ್ತೀನಿ ಅಂತಾನ. ನಮ್ಮ ಮೈದುನ ಬೆಂಗಳೂರು ಬಿಟ್ರ ಜಾಬ್ ಇಲ್ಲ ಅಂತಾನ, ಮಾವನವ್ರು ಧಾರವಾಡ ಕೃಷಿ ಕಾಲೇಜಿಗೆ ಹಚ್ರಿ ಅಂತಾರ. ಯಾರ ಮಾತು ಕೇಳೋದ್ರಿ?" — ಗದಗದ ಒಬ್ಬ ತಾಯಿ

ಉತ್ತರ:

ಅಕ್ಕಾರ, ನಿಮ್ಮ ಪತ್ರದಾಗ ಆರೇಳು ಪ್ರಶ್ನೆ ಅದಾವ ಆದ್ರ ನಿಮ್ಮ ಹೊಟ್ಯಾಗಿನ ಅಂಜಿಕಿ ಒಂದ, ನಾವು ತಪ್ಪು ಬರದು ಮಗಳ ಸೀಟು ಹೋದ್ರ ಹೆಂಗ ಅನ್ನೋದು. ಪಿಯು ಕಾಲೇಜಿನ್ಯಾಗ ಪಾಠ ಮಾಡ್ಕೋತ, ಜೂನ್ ಜುಲೈ ಬಂತಂದ್ರ ಧಾರವಾಡದಾಗ ಹುಡುಗರ ಆಪ್ಷನ್ ಪಟ್ಟಿ, ಅಂದ್ರ ತಮಗ ಬೇಕಾದ ಕಾಲೇಜು ಬ್ರಾಂಚು ಸಾಲಾಗಿ ಬರದದ್ದು, ನೋಡ್ಕೋತ ಬಂದಾಂವ ನಾನು. ಅಂಜಿ ಬರದ ಪಟ್ಟಿಯಿಂದ ಆದಷ್ಟು ನುಕ್ಸಾನು ಧೈರ್ಯ ಮಾಡಿ ಬರದ ಪಟ್ಟಿಯಿಂದ ಆಗಿದ್ದು ನಾ ನೋಡಿಲ್ಲ. ಅದಕ್ಕ ಸೈಬರ್ ಹುಡುಗನ ಮಾತಿಂದನ ಶುರು ಮಾಡೋಣು.

ಆಂವ ಹೇಳಿದ್ದು ಸುಳ್ಳು. ಬೇಕಂತ ಹೇಳಿದ ಸುಳ್ಳಲ್ಲ ಬಿಡ್ರಿ, ಎಲ್ಲಾರೂ ಹಂಗ ಅನ್ಕೊಂಡಾರ. ಸಿಇಟಿ ನಡಸಿ ಸೀಟು ಹಂಚೂ ಕೆಇಎ ಪ್ರಾಧಿಕಾರದ ಕಂಪ್ಯೂಟರ್ ಕೆಲಸ ಹೆಂಗ ಮಾಡ್ತೈತಿ ಅಂದ್ರ, 1ನೇ ರ‍್ಯಾಂಕಿನವ್ರಿಂದ ಪಾಳಿ ಹಚ್ತೈತಿ. ನಿಮ್ಮ ಮಗಳ ಪಾಳಿ ಬರೂತನಕ ಆಕಿ ಪಟ್ಟಿ ತೆಗದೂ ನೋಡಂಗಿಲ್ಲ. ಪಾಳಿ ಬಂದ ಮ್ಯಾಲ ಆಕಿ ಬರದ 1ನೇ ಆಪ್ಷನ್‌ನ್ಯಾಗ ಸೀಟು ಉಳದೈತೇನು ನೋಡ್ತೈತಿ, ಮೊದ್ಲ ಜನರಲ್ ಮೆರಿಟ್‌ನ್ಯಾಗ, ಅಲ್ಲಿ ಇಲ್ಲಂದ್ರ 2ಎ ಒಳಗ, ಎರಡರಾಗೂ ಇಲ್ಲಂದ್ರ 2ನೇ ಆಪ್ಷನ್‌ಗೆ ಇಳೀತೈತಿ, ಹಿಂಗ ಇಳಕೋತ ಹೋಗಿ ಯಾವುದು ಖಾಲಿ ಸಿಗ್ತೈತೋ ಅದನ್ನ ಕೊಟ್ಟು ಮುಂದಿನ ರ‍್ಯಾಂಕಿಗೆ ಹೋಗ್ತೈತಿ. ಮ್ಯಾಲಿನ 30 ಆಪ್ಷನ್ ಸಿಗಲಿಲ್ಲ ಅಂತ 31ನೇದು ಆಕಿಗೆ ತಪ್ಪಂಗಿಲ್ಲ, ಯಾಕಂದ್ರ ಆ 30 ನೋಡೂ ಹೊತ್ತಿನ್ಯಾಗ ಆಕಿಗಿಂತ ಹಿಂದಿನ ರ‍್ಯಾಂಕಿನವ್ರು ನಡುವ ನುಗ್ಗಿ ಬರಾಕ ಆಗಂಗಿಲ್ಲ. ಅಲ್ಲಿ ನಿಂತಿದ್ದು ರ‍್ಯಾಂಕಿನ ಪಾಳಿ, ಆಪ್ಷನ್ ನಂಬರಿನ ಪಾಳಿ ಅಲ್ಲ.

ಹಂಗಾಗಿ ಆಸೆ ಇದ್ದದ್ದು ಮ್ಯಾಲ, ಅದಕ್ಕಿಂತ ಕಡಿಮಿ ಆಸೆ ಇದ್ದದ್ದು ಕೆಳಗ, ಇಷ್ಟ ಲೆಕ್ಕ. ಹುಬ್ಬಳ್ಳಿ ಕಾಲೇಜು ಖರೇನ ಬೇಕಾಗಿತ್ತು ಆದ್ರ "ಸಿಗಂಗಿಲ್ಲ" ಅಂತ ಅಂಜಿ 9ನೇದಕ್ಕ ಬರದು, ಸಿಗ್ತೈತಿ ಅಂತ ಗ್ಯಾರಂಟಿ ಇದ್ದದ್ದನ್ನ 1ನೇದಕ್ಕ ಬರದ್ರ ಕಂಪ್ಯೂಟರ್ ಆ 1ನೇದನ್ನ ಕೊಟ್ಟು ಕೈ ತೊಳಕೊಂತೈತಿ, ಕೆಳಗಿನ ಎಲ್ಲಾ ಆಪ್ಷನ್ ತಾವ ಬಿದ್ದು ಹೋಗ್ತಾವ. ನಿಮ್ಮ ಕೈಯಾರ ನೀವ ಕಳಕೊಳ್ಳೋದು ಹಿಂಗ.

ಎರಡು ವಿಚಾರದಾಗ ಮಾತ್ರ ಹುಷಾರ್ ಇರ್ರಿ. ಸಿಕ್ರೂ ನಾವು ಹೋಗಂಗಿಲ್ಲ ಅನ್ನೋ ಕಾಲೇಜು ಪಟ್ಟ್ಯಾಗ ಬರೀಲೇಬ್ಯಾಡ್ರಿ, "ಇರ್ಲಿ ಬಿಡು ಒಂದು" ಅಂತ ಬರದದ್ದ ಸಿಕ್ಕು ಮನ್ಯಾಗ ಜಗಳ ಆಗಿದ್ದು ನಾ ಭಾಳ ನೋಡೀನಿ. ಇನ್ನೊಂದು, ಪಟ್ಟಿ ಸಣ್ಣದು ಮಾಡಬ್ಯಾಡ್ರಿ, 6 ಆಪ್ಷನ್ ಬರದು ಕೈ ಕಟ್ಟಿ ಕುಂತವ್ರಿಗೆ ಒಂದೂ ಸಿಗಲಾರದ ಹೋಗ್ತೈತಿ. ಆಕಿ ರ‍್ಯಾಂಕಿಗೆ ಹಿಂದಿನ ವರ್ಷ ಆರಾಮ ಸಿಕ್ಕಂಥವು, ನೀವು ಹೋಗಾಕ ತಯಾರಿದ್ದಂಥವು ತುದೀಗೆ ಇರ್ಬೇಕು.

ಹಿಂದಿನ ವರ್ಷ ಸಿಕ್ಕಿತ್ತೇನು ಅನ್ನೋದನ್ನ ಕೆಇಎ ವೆಬ್‌ಸೈಟಿನ ಕಟಾಫ್ ಪಟ್ಟ್ಯಾಗ ನೋಡ್ರಿ, ವಾಟ್ಸಾಪಿನ ಪಿಡಿಎಫ್ ನಂಬಬ್ಯಾಡ್ರಿ. ಅಲ್ಲಿ ಕಾಲಂ ಒಳಗ ಮಂದಿ ತಪ್ತಾರ. ನಿಮಗ ಬೇಕಾದ ಕಾಲಂ ಎರಡು, ಜಿಎಂ ಅಂದ್ರ ಜನರಲ್ ಮೆರಿಟ್, ಮತ್ತ 2ಎಜಿ ಅಂದ್ರ ಸಾದಾ 2ಎ. 2ಎಆರ್ ಅಂದ್ರ 2ಎ ಒಳಗಿನ ರೂರಲ್, 2ಎಕೆ ಅಂದ್ರ ಕನ್ನಡ ಮೀಡಿಯಂ, ಅವು ನಿಮ್ಮವಲ್ಲ, ಯಾಕಂತ ಮುಂದ ಹೇಳ್ತೀನಿ. ಮತ್ತ ಕಟಾಫ್ ಅನ್ನೋದು ಕಾಲೇಜಿನವ್ರು ಗೆರಿ ಎಳದು ಇಟ್ಟದ್ದಲ್ಲ, ಆ ವರ್ಷ ಆ ಬ್ರಾಂಚಿಗೆ ಕಡೀಕ ಸೀಟು ಸಿಕ್ಕವ್ರ ರ‍್ಯಾಂಕ್ ಅಷ್ಟ. ಸೀಟು ಹೆಚ್ಚಾದ್ರ ಅದು ಹಿಂದ ಸರೀತೈತಿ. 2024-25 ರಿಂದ ಎಂಜಿನಿಯರಿಂಗ್ ಕಾಲೇಜಿಗೆ ಅನುಮತಿ ಕೊಡೋ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟ ಸೀಟು ಅನ್ನೋ ಮಿತಿ ತೆಗದ ಮ್ಯಾಲ ಭಾಳ ಕಾಲೇಜಿನವ್ರು ಕಂಪ್ಯೂಟರ್ ಸೈನ್ಸ್ ಸೀಟು ಏರಿಸ್ಯಾರ, ಅದಕ್ಕ ಹಳೇ ಕಟಾಫ್ ನೋಡಿ ಇದು ನಮಗ ಸಿಗಂಗ ಇಲ್ಲ ಅಂತ ಕೈಬಿಡಬ್ಯಾಡ್ರಿ. ಎರಡು ಮೂರು ವರ್ಷದ್ದು, ಅದೂ ಎಲ್ಲಾ ರೌಂಡಿಂದು ಬಾಜೂಕ ಇಟ್ಕೊಂಡು ನೋಡ್ರಿ.

ಇನ್ನ ಕೋಟಾ. ರೂರಲ್ ಕೋಟಾ 15 ಪರ್ಸೆಂಟ್ ಐತಿ ಖರೆ, ಆದ್ರ 1 ರಿಂದ 10ನೇ ತರಗತಿ ತನಕ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಸಾಲ್ಯಾಗ ಓದಿರಬೇಕು. ಕನ್ನಡ ಮೀಡಿಯಂ 5 ಪರ್ಸೆಂಟ್, ಅದಕ್ಕೂ ಹತ್ತೂ ವರ್ಷ ಕನ್ನಡದಾಗ ಓದಿರಬೇಕು. ಮಗಳು 8 ರಿಂದ ಗದಗ ನಗರಸಭೆ ಹದ್ದಿನೊಳಗ ಇಂಗ್ಲಿಷ್ ಮೀಡಿಯಂ ಓದಿದ್ರಿಂದ ಎರಡೂ ಬರಂಗಿಲ್ಲ. ಏಳು ವರ್ಷ ಓದ್ಯಾಳಲ್ಲ ಸ್ವಲ್ಪರ ಹಿಡೀರಿ ಅಂದ್ರ ಹಿಡಿಯಂಗಿಲ್ಲ. ಯಾರರ "ಬಿಇಒ ಆಫೀಸಿನ್ಯಾಗ ಸಹಿ ಮಾಡಿಸಿ ಕೊಡ್ತೀನಿ" ಅಂದ್ರ ಅವ್ರ ಕಡೆ ಹೊಳ್ಳಿ ನೋಡಬ್ಯಾಡ್ರಿ, ಸುಳ್ಳು ಸರ್ಟಿಫಿಕೇಟ್ ಅಂತ ಆಮ್ಯಾಲೆ ಹೊರಗ ಬಿದ್ರ ಸಿಕ್ಕ ಸೀಟೂ ಹೋಗ್ತೈತಿ. ಅರ್ಜಿ ಹಾಕೂಮುಂದ ಏನೇನು ಕ್ಲೇಮ್ ಮಾಡೀರಿ, ವೆರಿಫಿಕೇಶನ್ ಸ್ಲಿಪ್ಪಿನ್ಯಾಗ ಯಾವ ಕೆಟಗರಿ ಬಂದೈತಿ, ಇವತ್ತ ತೆಗದು ನೋಡ್ರಿ.

371ಜೆ ಅಂದ್ರ ಕಲ್ಯಾಣ ಕರ್ನಾಟಕದವ್ರ ಮೀಸಲಾತಿ, ಅದು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ 7 ಜಿಲ್ಲೆಕ್ಕ. ಗದಗ ಅದರಾಗಿಲ್ಲ, ಬಾಜೂಕ ಇರೋದು ಲೆಕ್ಕಕ್ಕ ಬರಂಗಿಲ್ಲ. (ಹಂಗ ಇನ್ನೊಂದು ಮಾತು, ಧಾರವಾಡ ಐಐಟಿ ಒಳಗ ಲೋಕಲ್ ಮಂದಿಗೆ ಕೋಟಾ ಐತಿ ಅಂತ ಪ್ರತಿ ವರ್ಷ ಯಾರರ ಕೇಳ್ತಾರ. ಇಲ್ರಿ. ಐಐಟಿಗೆ ಜೆಇಇ ಅಡ್ವಾನ್ಸ್ಡ್ ಬರೀಬೇಕು, ಅಲ್ಲಿ ಊರು ಕೇರಿ ಯಾರೂ ಕೇಳಂಗಿಲ್ಲ.)

ಯಾರೂ ನಿಮಗ ಹೇಳದ ಇನ್ನೊಂದು ಐತಿ, ಎಸ್‌ಎನ್‌ಕ್ಯೂ. ಮನಿ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮಿ ಇದ್ದವ್ರಿಗೆ ಪ್ರತಿ ಬ್ರಾಂಚಿನ್ಯಾಗ 5 ಪರ್ಸೆಂಟ್ ಹೆಚ್ಚುವರಿ ಸೀಟು, ಅದಕ್ಕ ಟ್ಯೂಷನ್ ಫೀ ಮಾಫಿ, ಉಳಿದ ಫೀ ಕಟ್ಟಬೇಕು. ಅರ್ಜಿ ಒಳಗ ಇದನ್ನ ಕ್ಲೇಮ್ ಮಾಡಿದ್ರ ಪಟ್ಟ್ಯಾಗ ಅದೂ ಬರ್ಲಿ. ಒಮ್ಮೆ ಇದರ ಮ್ಯಾಲ ಸೇರಿದ್ರ ಆಮ್ಯಾಲೆ ಕಾಲೇಜು, ಬ್ರಾಂಚು ಬದ್ಲಿ ಮಾಡಾಕ ಬರಂಗಿಲ್ಲ, ಅದಕ್ಕ ನಿಂತು ವಿಚಾರ ಮಾಡಿ ಬರೀರಿ.

ಫೋನ್ ಹಚ್ಚೂ ಪುಣ್ಯಾತ್ಮನ ವಿಷಯ. ಸಿಇಟಿ ಸೀಟು ಹಂಚೋದು ಕೆಇಎ ಒಂದ, ಹೊರಗಿನಾಂವ ಯಾಂವಗೂ ಅದನ್ನ ಬ್ಲಾಕ್ ಮಾಡೋ ಅಧಿಕಾರ ಇಲ್ಲ. ಆಂವ ಹೇಳೋದು ಮ್ಯಾನೇಜ್‌ಮೆಂಟ್ ಸೀಟ್ ಇರ್ಬೇಕು, ಅದರ ಫೀ ಸಿಇಟಿ ಫೀಗೆ ಎಷ್ಟೋ ಪಟ್ಟು, ಮತ್ತ ಅದಕ್ಕೂ ನೀವ ನೆಟ್ಟಗ ಕಾಲೇಜಿಗೆ ಹೋಗಿ ಕೇಳಬಹುದು, ನಡುವ ಆಂವ ಯಾಕ ಬೇಕು? ಡೊನೇಶನ್ ತಗೊಳ್ಳೋದು ಕರ್ನಾಟಕದಾಗ 1984ರ ಕಾಯ್ದೆ ಪ್ರಕಾರ ಅಪರಾಧ, ಅದಕ್ಕ ಅವ್ರು ಕೊಟ್ಟ ರೊಕ್ಕಕ್ಕ ರಸೀದಿ ಕೊಡಂಗಿಲ್ಲ, ರಸೀದಿ ಇಲ್ಲಂದ್ರ ನಾಳೆ ಕೇಳಾಕ ನಿಮ್ಮ ಕೈಯಾಗ ಏನೂ ಇರಂಗಿಲ್ಲ. 2024ರಾಗ ಬೆಂಗಳೂರಾಗ ಸೀಟ್ ಬ್ಲಾಕಿಂಗ್ ಕೇಸು ಆತಲ್ಲ, ಕಾಲೇಜಿಗೆ ಸೇರಾಕ ಮನಸ್ಸಿಲ್ಲದ ಹುಡುಗರ ಲಾಗಿನ್ ಬಳಸಿ ಚೊಲೊ ಸೀಟು ಹಿಡಿದಿಟ್ರು ಅಂತ ಪೊಲೀಸರು ಅರೆಸ್ಟ್ ಮಾಡಿದ್ರು. ಹಂಗಾಗಿ ಮಗಳ ಪಾಸ್‌ವರ್ಡ್, ಒಟಿಪಿ ಆಂವಗೂ ಬ್ಯಾಡ, ಸೈಬರ್ ಹುಡುಗಗೂ ಬ್ಯಾಡ. ಸೈಬರಿನ್ಯಾಗ ಮಾಡ್ಸಿದ್ರೂ ಮಗಳು ಬಾಜೂಕ ಕುಂತು ತಾನ ಟೈಪ್ ಮಾಡ್ಲಿ, ಪ್ರಿಂಟ್ ತಗೊಂಡು ಮನ್ಯಾಗ ಮತ್ತೊಮ್ಮೆ ನೋಡ್ಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡ್ರಿ, ಸೀಟು ಹಿಡಿದಿಡ್ತೀವಿ ಅಂದ್ರೂ ಕೊಡಬ್ಯಾಡ್ರಿ, ಕಾಲೇಜಿನವ್ರು ಒರಿಜಿನಲ್ ಇಟ್ಕೋಬಾರ್ದು ಅಂತ ಯುಜಿಸಿ 2018ರಾಗ ಹೇಳಿ ಆಗೈತಿ.

ಈಗ ಬೆಂಗಳೂರು. ಮೈದುನನ ಮಾತು ಪೂರ್ತಿ ಸುಳ್ಳಂತ ಹೇಳಂಗಿಲ್ಲ. ಕಂಪನಿ ಅಲ್ಲಿ ಜಾಸ್ತಿ, ಇಂಟರ್ನ್‌ಶಿಪ್ ಅಂದ್ರ ಬಸ್ ಹತ್ತಿ ಹೋಗಿ ಬರಬಹುದು, ಹಿರಿಯ ವಿದ್ಯಾರ್ಥಿಗಳು ಅಲ್ಲೇ ಕೆಲಸ ಮಾಡ್ತಿರ್ತಾರ. ಆದ್ರ ಈ ಲಾಭ ಬೆಂಗಳೂರಿನ ಮೊದಲ ಸಾಲಿನ ಕಾಲೇಜಿಗೆ ಇದ್ದಷ್ಟು ಊರ ಹೊರಗ ನಾಲ್ಕು ಬಿಲ್ಡಿಂಗ್ ಕಟ್ಟಿ ನಿಂತ ಕಾಲೇಜಿಗೆ ಇಲ್ಲ. 41 ಸಾವಿರಕ್ಕ ಕಂಪ್ಯೂಟರ್ ಸೈನ್ಸ್ ಕೇಳಿದ್ರ ಅಲ್ಲಿ ಸಿಗೋದು ಹೆಚ್ಚಾಗಿ ಆ ಎರಡನೇ ನಮೂನಿದು, ಅದರ ಮ್ಯಾಲ ನಾಲ್ಕು ವರ್ಷ ಪಿಜಿ ಬಾಡಿಗಿ, ಊಟದ ಖರ್ಚು. ಹುಬ್ಬಳ್ಳಿ ಧಾರವಾಡದಾಗ ಅದ ರ‍್ಯಾಂಕಿನ ಹತ್ರ ಹತ್ರ ಅದಕ್ಕಿಂತ ಹಳೇ, ನೆಲಿ ನಿಂತ ಕಾಲೇಜು ಸಿಗೋ ಸಾಧ್ಯತೆ ಐತಿ. ಅದಕ್ಕ ಬೆಂಗಳೂರಾ ಹುಬ್ಬಳ್ಳಿಯಾ ಅಂತ ಊರು ಹೋಲಿಸಬ್ಯಾಡ್ರಿ, ಈ ಕಾಲೇಜಾ ಆ ಕಾಲೇಜಾ ಅಂತ ಹೋಲಿಸ್ರಿ.

ನಮ್ಮ ಕಡೆ ಹೆಸರಿನ ಗೊಂದಲ ಬ್ಯಾರೆ. ಹುಬ್ಬಳ್ಳಿ ವಿದ್ಯಾನಗರದಾಗಿನ ಬಿವಿಬಿ 1947ರಾಗ ಶುರುವಾದ ಕಾಲೇಜು, ಈಗ ಕೆಎಲ್ಇ ಟೆಕ್ನಾಲಜಿಕಲ್ ಯೂನಿವರ್ಸಿಟಿ ಆಗೈತಿ, ಅಲ್ಲಿ ಡಿಗ್ರಿ ಅವ್ರದ. ಹುಬ್ಬಳ್ಳ್ಯಾಗ ಕೆಎಲ್ಇ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂತ ಇನ್ನೊಂದೈತಿ, ಅದು ವಿಟಿಯು, ಅಂದ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗ ಬರ್ತೈತಿ. ಎರಡೂ ಬ್ಯಾರೆ ಬ್ಯಾರೆ, ಆಪ್ಷನ್ ಹಾಕೂಮುಂದ ಕಾಲೇಜ್ ಕೋಡ್ ನೋಡ್ರಿ. ಧಾರವಾಡದ ಎಸ್‌ಡಿಎಂ ಆಟೊನಾಮಸ್, ಅಂದ್ರ ಸಿಲೆಬಸ್ ಪರೀಕ್ಷೆ ಅವ್ರದು ಆದ್ರ ಡಿಗ್ರಿ ವಿಟಿಯುದ್ದ. ಆಟೊನಾಮಸ್ ಅಂದ್ರ ಸರ್ಟಿಫಿಕೇಟಿಗೆ ಕಿಮ್ಮತ್ತಿಲ್ಲ ಅನ್ನೋ ಮಾತೂ ಅಷ್ಟಕ್ಕಷ್ಟ. ನಿಮ್ಮ ಊರಾಗ ತೋಂಟದಾರ್ಯ ಐತಿ, ಹಾವೇರಿ ದೇವಗಿರಿ ಒಳಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಐತಿ, ಸರ್ಕಾರಿ ಫೀ ಎಲ್ಲಕ್ಕಿಂತ ಕಡಿಮಿ. ಪ್ರೈವೇಟ್ ಯೂನಿವರ್ಸಿಟಿ ಒಳಗ ಸಿಇಟಿ ಸೀಟಿಂದೂ ಫೀ ಬ್ಯಾರೆ ಇರ್ತೈತಿ, ಆಪ್ಷನ್ ಹಾಕೂಮುಂದ ಬ್ರಾಂಚಿನ ಬಾಜೂಕ ಫೀ ತೋರಿಸ್ತೈತಿ, ಅದನ್ನ ಒಂದು ಹಾಳ್ಯಾಗ ಬರಕೊಂಡು ನಾಲ್ಕು ವರ್ಷಕ್ಕ ಗುಣಿಸ್ರಿ. ಸುಧಾ ಮೂರ್ತಿಯವ್ರು ಬಿವಿಬಿ ಒಳಗ ಓದ್ಯಾರ ಅಂತ ಹೇಳಿ ಅಲ್ಲೇ ಸೀಟು ಬೇಕು ಅಂತ ಹಟ ಹಿಡಿಯೋರೂ ಬರ್ತಾರ, ಅದು ಅವ್ರ ಕಾಲದ ಸುದ್ದಿ, ನೀವು ನೋಡಬೇಕಾದ್ದು ಈಗಿನ ಬ್ಯಾಚಿಂದು.

ಈಗಿನ ಬ್ಯಾಚಿಂದು ಹೆಂಗ ಗೊತ್ತಾಗ್ತೈತಿ? ಬ್ಯಾನರ್ ಮ್ಯಾಲಿನ "ಹೈಯೆಸ್ಟ್ ಪ್ಯಾಕೇಜ್" ಓದಬ್ಯಾಡ್ರಿ, ಅದು ಒಬ್ಬ ಹುಡುಗಂದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜಿನವ್ರು ತಾವು ಕೊಟ್ಟ ಮಾಹಿತಿ ತಮ್ಮ ವೆಬ್‌ಸೈಟಿನ್ಯಾಗ ಹಾಕಬೇಕು, ಅದರಾಗ ಎಷ್ಟು ಮಂದಿ ಸೇರಿದ್ರು, ಎಷ್ಟು ಮಂದಿ ನಾಲ್ಕ ವರ್ಷದಾಗ ಪಾಸಾದ್ರು, ಎಷ್ಟು ಮಂದಿಗೆ ಕೆಲಸ ಸಿಕ್ತು, ನಟ್ಟನಡುವಿನ ಹುಡುಗನ ಪಗಾರ ಎಷ್ಟು ಅಂತ ಎಲ್ಲಾ ಇರ್ತೈತಿ. ನಟ್ಟನಡುವಿನ ಪಗಾರ ಅಂದ್ರ ಕೆಲಸ ಸಿಕ್ಕವ್ರೊಳಗ ಅರ್ಧ ಮಂದಿಗೆ ಅದಕ್ಕಿಂತ ಜಾಸ್ತಿ, ಅರ್ಧ ಮಂದಿಗೆ ಕಡಿಮಿ, ನಿಮ್ಮ ಮಗಳಿಗೆ ಹತ್ರದ ಲೆಕ್ಕ ಅದು. "90 ಪರ್ಸೆಂಟ್ ಪ್ಲೇಸ್‌ಮೆಂಟ್" ಅಂದ್ರ ಯಾರೊಳಗ 90 ಅಂತ ಕೇಳ್ರಿ, ಬ್ಯಾಕ್‌ಲಾಗ್ ಇದ್ದವ್ರನ್ನ, ಮಾರ್ಕ್ಸ್ ಕಡಿಮಿ ಇದ್ದವ್ರನ್ನ ಮೊದ್ಲ ಲೆಕ್ಕದಿಂದ ತೆಗದು ಉಳಿದವ್ರೊಳಗ 90 ಅಂದಿರ್ತಾರ.

ಗುಣಮಟ್ಟ ನೋಡಿ ಕೊಡೋ ಮಾನ್ಯತೆ ಎರಡು ಅದಾವ, ನ್ಯಾಕ್ ಅನ್ನೋದು ಇಡೀ ಕಾಲೇಜಿಗೆ, ಎನ್‌ಬಿಎ ಅನ್ನೋದು ಬ್ರಾಂಚಿಗೆ. ಮೆಕ್ಯಾನಿಕಲ್‌ಗೆ ಎನ್‌ಬಿಎ ಇದ್ದು ಕಂಪ್ಯೂಟರ್ ಸೈನ್ಸಿಗೆ ಇಲ್ಲದ ಇರಬಹುದು, ಬೋರ್ಡ್ ಮ್ಯಾಲ ಎರಡೂ ಒಂದ ನಮೂನಿ ಕಾಣ್ತಾವ. ಎಐ, ಡೇಟಾ ಸೈನ್ಸ್ ಅಂತ ಹೊಸಾ ಬ್ರಾಂಚಿಗೆ ಎರಡು ಬ್ಯಾಚ್ ಹೊರಗ ಬೀಳೂತನಕ ಎನ್‌ಬಿಎ ಬರಂಗನ ಇಲ್ಲ, ಅದು ಅವ್ರ ತಪ್ಪಲ್ಲ, ಆದ್ರ ಪರೀಕ್ಷೆ ಆಗಿಲ್ಲ ಅನ್ನೋದು ನಿಮ್ಮ ತಲ್ಯಾಗ ಇರ್ಲಿ. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲಂದ್ರ ಇನ್ಫರ್ಮೇಶನ್ ಸೈನ್ಸ್ ಬರೀರಿ, ಓದೂದು ಭಾಳಷ್ಟು ಒಂದ ಇರ್ತೈತಿ. ಅದೂ ಹೋದ್ರ ಎಲೆಕ್ಟ್ರಾನಿಕ್ಸ್ ತಗೊಳ್ಳೋದಾ, ಸಣ್ಣ ಕಾಲೇಜಿನ್ಯಾಗ ಕಂಪ್ಯೂಟರ್ ಸೈನ್ಸಾ ಅನ್ನೋದು ಮಗಳನ್ನ ಕೇಳ್ರಿ, ಫಿಸಿಕ್ಸ್ ಕಂಡ್ರ ಓಡಿ ಹೋಗೂ ಹುಡುಗಿಗೆ ಎಲೆಕ್ಟ್ರಾನಿಕ್ಸ್ ಕೊಟ್ರ ನಾಲ್ಕು ವರ್ಷ ತ್ರಾಸ.

ಎಲ್ಲಕ್ಕಿಂತ ಚೊಲೊ ಅಂದ್ರ ಒಂದು ಸಾದಾ ದಿನ ಮಗಳನ್ನ ಕರಕೊಂಡು ಕಾಲೇಜಿಗೆ ಹೋಗ್ರಿ, ಓಪನ್ ಡೇ ದಿನ ಬ್ಯಾಡ. ಕ್ಯಾಂಟೀನಿನ್ಯಾಗ ಚಾ ಕುಡೀರಿ, ಮೂರನೇ ವರ್ಷದ ನಮ್ಮ ಕಡೆ ಹುಡುಗ್ಯಾರು ಸಿಕ್ಕೇ ಸಿಗ್ತಾರ, ಎಷ್ಟು ಸೆಕ್ಷನ್ ಅದಾವ, ನಡುವ ಸರ್ ಬಿಟ್ಟು ಹೋದ್ರೇನು, ಲ್ಯಾಬಿನ್ಯಾಗ ಒಂದು ಕಂಪ್ಯೂಟರಿಗೆ ಎಷ್ಟು ಮಂದಿ, ಹಾಸ್ಟೆಲ್ ಊಟ ಹೆಂಗ, ಸಂಜಿ ಎಷ್ಟಕ್ಕ ಗೇಟ್ ಹಾಕ್ತಾರ ಕೇಳ್ರಿ. ಸೀಟು ಏರಿಸಿ ಮಾಸ್ತರ್‌ನ ಏರಿಸದ ಕಾಲೇಜು ಈ ಒಂದು ಚಾ ಒಳಗ ಗೊತ್ತಾಗ್ತೈತಿ.

ದಿನಾ ಹೋಗಿ ಬರೋದು ಆಗ್ತೈತೇನು ಅಂತ ನೀವು ಕೇಳಿಲ್ಲ, ಆದ್ರ ಗದಗದವ್ರು ಕೇಳಲೇಬೇಕಾದ್ದು. ಶಕ್ತಿ ಯೋಜನೆಯಿಂದ ಮಗಳಿಗೆ ಸರ್ಕಾರಿ ಸಾದಾ ಬಸ್ ಫ್ರೀ, ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಅಲ್ಲಿಂದ ಧಾರವಾಡದ ಕಡೆ ಹೋಗೂ ಚಿಗರಿ ಎಸಿ ಬಸ್. ರೊಕ್ಕ ಉಳೀತೈತಿ ಆದ್ರ ದಿನಕ್ಕ ಮೂರು ನಾಲ್ಕು ತಾಸು ಬಸ್ಸಿನ್ಯಾಗ ಹೋಗ್ತೈತಿ, ಲ್ಯಾಬ್ ಇದ್ದ ದಿನ ಮನಿ ಮುಟ್ಟೂದ್ರಾಗ ಕತ್ತಲ, ಮತ್ತ ಕೋಡಿಂಗ್ ಕಲಿಯೂ ಹುಡುಗಿಗೆ ಕಾಲೇಜ್ ಬಿಟ್ಟ ಮ್ಯಾಲಿನ ಆ ಎರಡು ತಾಸನ ಭಾಳ ಮಹತ್ವದ್ದು. ನನ್ನ ಕೇಳಿದ್ರ ಮೊದಲ ವರ್ಷರ ಹಾಸ್ಟೆಲ್ ಇರ್ಲಿ ಅಂತೀನಿ. ಹಿಂದುಳಿದ ವರ್ಗಗಳ ಇಲಾಖೆ ಹಾಸ್ಟೆಲ್‌ಗೆ ಅರ್ಜಿ ಹಾಕ್ರಿ, ಅದು ಸಿಗಲಿಲ್ಲಂದ್ರ ವಿದ್ಯಾಸಿರಿ ಯೋಜನೆ ಒಳಗ ಊಟ ವಸತಿಗೆ ತಿಂಗಳಾ ರೊಕ್ಕ ಕೊಡ್ತಾರ.

ಪಟ್ಟಿ ಹಾಕಿದ ಮ್ಯಾಲ ಮಾಕ್ ಅಲಾಟ್‌ಮೆಂಟ್ ಬರ್ತೈತಿ, ಅದು ಖರೇ ಸೀಟಲ್ಲ, ನೋಡಿ ಅಳೂದೂ ಬ್ಯಾಡ ಪೇಢಾ ಹಂಚೂದೂ ಬ್ಯಾಡ. ಅದನ್ನ ನೋಡ್ಕೊಂಡು ಪಟ್ಟಿ ತಿದ್ದಾಕ ಟೈಮ್ ಕೊಡ್ತಾರ. ಖರೇ ಅಲಾಟ್‌ಮೆಂಟ್ ಆದ ಮ್ಯಾಲ ಚಾಯ್ಸ್ ಕೇಳ್ತಾರ, ಸೀಟು ಹೋಗೋದು ಅಂದ್ರ ಖರೇನ ಇಲ್ಲಿ ನೋಡ್ರಿ. ಚಾಯ್ಸ್ 1 ಅಂದ್ರ ಇದ ಸಾಕು, ಸೇರ್ತೀನಿ. ಚಾಯ್ಸ್ 2 ಅಂದ್ರ ಇದು ಇರ್ಲಿ ಆದ್ರ ಮ್ಯಾಲಿನದು ಸಿಕ್ರ ಕೊಡ್ರಿ. ಚಾಯ್ಸ್ 3 ಅಂದ್ರ ಇದು ಬ್ಯಾಡ, ಮುಂದಿನ ರೌಂಡ್ ನೋಡ್ತೀನಿ. ಚಾಯ್ಸ್ 4 ಅಂದ್ರ ಯಾವುದೂ ಬ್ಯಾಡ. ಚಾಯ್ಸ್ 3 ಒತ್ತಿದ್ರ ಕೈಯಾಗಿನ ಸೀಟು ಬ್ಯಾರೆಯವ್ರಿಗೆ ಹೋತು, ಮುಂದ ಸಿಗ್ತೈತಿ ಅಂತ ಯಾರೂ ಬರದು ಕೊಡಂಗಿಲ್ಲ, ಪಾಲಕರು ಕಣ್ಣೀರು ಹಾಕ್ಕೋತ ಬರೋದು ಹೆಚ್ಚಾಗಿ ಇದರ ಸಲುವಾಗಿ. ಚಾಯ್ಸ್ 2 ಸೇಫ್, ಆದ್ರ ಅದರಾಗೂ ಒಂದು ಮುಳ್ಳೈತಿ: ಮ್ಯಾಲಿನದು ಸಿಕ್ಕ ಕೂಡ್ಲೇ ಮೊದಲಿಂದು ತಾನ ಕ್ಯಾನ್ಸಲ್, ಹೊಳ್ಳಿ ಬರಾಕ ಆಗಂಗಿಲ್ಲ. ಧಾರವಾಡದಾಗ ಸೀಟು ಸಿಕ್ಕು ಮಗಳು ಖುಷಿ ಇದ್ದಾಳ, ಪಟ್ಟ್ಯಾಗ ಮ್ಯಾಲ ಮೈದುನ ಬರಸಿದ್ದ ಬೆಂಗಳೂರಿನ ಕಾಲೇಜು ಹಂಗ ಉಳದೈತಿ ಅನ್ಕೋರಿ, ಎರಡನೇ ರೌಂಡಿನ್ಯಾಗ ಅದ ಬಂದು ಕುಂದ್ರತೈತಿ. ಅಂಥವನ್ನ ಮುಂದಿನ ರೌಂಡಿಗಿಂತ ಮೊದ್ಲ ಅಳಿಸ್ರಿ. ಫೀ ಯಾವಾಗ ಕಟ್ಟಬೇಕು ಅನ್ನೋ ನಿಯಮ ವರ್ಷಾ ಬದ್ಲಿ ಆಗ್ತಿರ್ತೈತಿ, ಈ ವರ್ಷದ ಸೂಚನಾ ಪತ್ರ ನೀವ ಓದ್ರಿ, ಕೊನೇ ದಿನದ ಸಂಜಿಮುಂದ ಸರ್ವರ್ ಮ್ಯಾಲ ಭರೋಸಾ ಇಡಬ್ಯಾಡ್ರಿ.

ಇನ್ನ ಮಾವನವ್ರ ಮಾತು. ನಗಬ್ಯಾಡ್ರಿ ಅದಕ್ಕ. ಮಗಳದು ಪಿಸಿಎಂಬಿ, ಬಯಾಲಜಿ ಐತಿ, ಸಿಇಟಿ ಒಳಗ ಬಯಾಲಜಿನೂ ಬರದಿದ್ರ ಕೃಷಿಗೆ ಬ್ಯಾರೆ ರ‍್ಯಾಂಕ್ ಬಂದಿರ್ತೈತಿ, ಅದು ಎಷ್ಟಂತ ನೀವು ಬರದಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಧಾರವಾಡದಾಗಷ್ಟ ಅಲ್ಲ, ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟ್ಯಾಗೂ ಐತಿ. ಕೃಷಿಕರ ಕೋಟಾಕ್ಕ ಅರ್ಜ್ಯಾಗ ಕ್ಲೇಮ್ ಮಾಡಿ ಪ್ರಾಕ್ಟಿಕಲ್ ಪರೀಕ್ಷೆ ಕೊಟ್ಟಿರಬೇಕು, ಅದು ಆಗಿಲ್ಲಂದ್ರ ಈ ವರ್ಷ ಆ ಬಾಗಿಲು ಇಲ್ಲ, ಸಾದಾ ಮೆರಿಟ್ ಒಂದ. ಬ್ಯಾಂಕ್, ಬೀಜದ ಕಂಪನಿ, ಕೃಷಿ ಇಲಾಖೆ ಅಂತ ಆ ಕಡೆನೂ ದಾರಿ ಅದಾವ, ಆದ್ರ ಹೊಲ ಕಂಡ್ರ ಮುಖ ತಿರುವೂ ಹುಡುಗಿನ್ನ ಅಜ್ಜನ ಸಲುವಾಗಿ ಕಳಿಸಿದ್ರ ಆಗಂಗಿಲ್ಲ. ಮಾವನವ್ರನ್ನ, ಮಗಳನ್ನ ಇಬ್ಬರನೂ ಒಂದ ದಿನ ಧಾರವಾಡಕ್ಕ ಕರಕೊಂಡು ಬರ್ರಿ, ಮುಂಜಾನೆ ಎಂಜಿನಿಯರಿಂಗ್ ಕಾಲೇಜು, ಮಧ್ಯಾಹ್ನ ಕೃಷಿ ವಿಶ್ವವಿದ್ಯಾಲಯ. ಆಮ್ಯಾಲೆ ಕೃಷಿ ರ‍್ಯಾಂಕ್, ಮಾಕ್ ಅಲಾಟ್‌ಮೆಂಟಿನ ಪ್ರಿಂಟ್ ಎರಡೂ ನನಗ ಕಳಿಸ್ರಿ, ಯಾವ ಆಪ್ಷನ್ ಮ್ಯಾಲ ಕೆಳಗ ಆಗ್ಬೇಕು ನೋಡಿ ಹೇಳ್ತೀನಿ.